ಹುಬ್ಬಳ್ಳಿಯ ಬಿಪಿಓನೋ, ಬೆಂಗಳೂರಿನ ಜಿಸಿಸಿಯೋ?

ಬಿ.ಕಾಂ. ಮುಗಿಸಿದ ನನ್ನ ತಂಗಿಯ ಮುಂದೆ ಈಗ ಇವೆರಡೂ ದಾರಿ ಇವೆ.

ಬಿಪಿಓದಲ್ಲಿ (ಹೊರಗುತ್ತಿಗೆ ಕಚೇರಿ) ವಿದೇಶಿ ಕಂಪನಿ ತನ್ನ ಕೆಲಸವನ್ನು ಬೇರೆಯವರಿಗೆ ಗುತ್ತಿಗೆ ಕೊಡುತ್ತದೆ. ಗುತ್ತಿಗೆ ಮುಗಿದರೆ ತಂಡಕ್ಕೂ ಕುತ್ತು. ಜಿಸಿಸಿಯಲ್ಲಿ (ಗ್ಲೋಬಲ್ ಕೆಪಬಿಲಿಟಿ ಸೆಂಟರ್) ಆ ಕಂಪನಿಯೇ ಇಲ್ಲಿ ಸ್ವಂತ ಕಚೇರಿ ತೆರೆದಿರುತ್ತದೆ. ದೇಶದಲ್ಲಿ ಇಂಥವು 1,700ಕ್ಕೂ ಹೆಚ್ಚು, ಬೆಂಗಳೂರಿನಲ್ಲೇ ಎಲ್ಲಕ್ಕಿಂತ ಜಾಸ್ತಿ. ಆದರೆ ಅಲ್ಲಿ ಪಿಜಿ ಬಾಡಿಗೆ, ಊಟ ಕಳೆದು ಕೈಯಲ್ಲಿ ಉಳಿಯುವುದೆಷ್ಟು ಅಂತ ಲೆಕ್ಕ ಹಾಕಲೇಬೇಕು.

ಎಲ್ಲಿಯೇ ಆಗಲಿ, ಪಾಳಿ ಯಾವುದೆಂದು ಮೊದಲು ಕೇಳ್ರಿ, ಹಲವು ಕಡೆ ಅದು ವಿದೇಶದ ಗಡಿಯಾರದಂತೆ ನಡೆಯುತ್ತದೆ. ನ್ಯೂಯಾರ್ಕಿನ ಬೆಳಗಿನ 9 ಗಂಟೆ ಚಳಿಗಾಲದಲ್ಲಿ ನಮಗೆ ಸಂಜೆ 7.30, ಅಂದರೆ ಮನೆ ಸೇರುವುದು ನಸುಕಿಗೆ. ಲಂಡನ್ ಆದರೆ ಮಧ್ಯಾಹ್ನ 2.30ಕ್ಕೆ ಶುರು. ರಾತ್ರಿ ಪಾಳಿಗೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ನಂಬಿ ಕೂಡಬೇಡ್ರಿ. ಧಾರವಾಡದ ಮನೆ ಬಾಗಿಲ ತನಕ ಕ್ಯಾಬ್ ಬರುತ್ತದೆಂದು ಬರಹದಲ್ಲೇ ಪಡೆಯಿರಿ.

ಇನ್ನೊಂದು ಮಾತು: ಪಾಸ್‌ವರ್ಡ್ ಬದಲಿಸುವಂಥ ಸರಳ ವಿಚಾರಣೆಗಳನ್ನು ಈಗ ಚಾಟ್‌ಬಾಟ್‌ಗಳೇ ಮುಗಿಸುತ್ತಿವೆ. ಹಾಗಾಗಿ ಬರೀ ಕರೆ ಎತ್ತುವ ಕೆಲಸ ಬೇಡ. ವಿಮೆ ಕ್ಲೇಮು, ಲೆಕ್ಕಪತ್ರದಂಥ ಕೆಲಸ ಸಿಕ್ಕರೆ ಹುಬ್ಬಳ್ಳಿಯಲ್ಲೇ ಎರಡು ವರ್ಷ ಕಲಿ, ಆಮೇಲೆ ಜಿಸಿಸಿಗೆ ಅರ್ಜಿ ಹಾಕು ಅಂತ ತಂಗಿಗೆ ಹೇಳಿದ್ದೇನೆ.