ಎಂಗೆಟ್ಟಿ + ಸೆಂಡ್‌ಫ್ಯಾಕ್ಸ್: ಬದಿಯಡ್ಕದ ಜೆರಾಕ್ಸ್ ಅಂಗಡಿಯಲ್ಲಿ 17 ವರ್ಷ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಳೆದೆ ಅಂತ ಆಮೇಲೆ ಹೇಳುತ್ತೇನೆ.

2004ರಲ್ಲಿ ಅಂಗಡಿಯ ಫ್ಯಾಕ್ಸ್ ಮೆಷಿನ್ ಕೈಕೊಟ್ಟಿತು. ಹೊಸದಕ್ಕೆ ದುಡ್ಡು ಹಾಕುವ ಮನಸ್ಸಿರಲಿಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಪೆಂಟಿಯಂ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ಎಂಗೆಟ್ಟಿ ಕೂರಿಸಿದೆ. ಮೋಡೆಮ್ (ಕಂಪ್ಯೂಟರನ್ನು ಫೋನ್ ಲೈನಿಗೆ ಸೇರಿಸುವ ಸಾಧನ) ಮೂಲಕ ಬರುವ ಫ್ಯಾಕ್ಸನ್ನು ಕಂಪ್ಯೂಟರಿಗೇ ಇಳಿಸಿಕೊಳ್ಳುವ ಸಾಫ್ಟ್‌ವೇರ್ ಇದು, ಜರ್ಮನಿಯ ಗರ್ಟ್ ಡೋರಿಂಗ್ ಬರೆದದ್ದು, ಪುಕ್ಕಟೆ. ಕಳಿಸುವುದಕ್ಕೆ ಸೆಂಡ್‌ಫ್ಯಾಕ್ಸ್ ಜೊತೆಗೇ ಬರುತ್ತದೆ.

ನನ್ನ ಹತ್ತಿರ ಇದ್ದದ್ದು ಒಂದೇ ಫೋನ್ ಲೈನ್. ನಾನು ರಿಸೀವರ್ ಎತ್ತಿದರೆ ಇದು ಸುಮ್ಮನಿರುತ್ತದೆ. ಎತ್ತದಿದ್ದರೆ ನಾಲ್ಕನೇ ರಿಂಗಿಗೆ ತಾನೇ ಎತ್ತುತ್ತದೆ (ಎಷ್ಟನೇ ರಿಂಗ್ ಅಂತ ನಾವೇ ಬರೆದಿಡಬಹುದು). ಆ ಕಡೆ ಫ್ಯಾಕ್ಸ್ ಇದ್ದರೆ ಪುಟ ಡಿಸ್ಕಿಗೆ ಹೋಗುತ್ತದೆ, ಕಂಪ್ಯೂಟರ್ ಇದ್ದರೆ ಲಾಗಿನ್ ಕೇಳುತ್ತದೆ. ರಾತ್ರಿ ಪೆರ್ಲದ ಮನೆಯಿಂದ ಡಯಲ್ ಮಾಡಿ, ಗಲ್ಫಿನಿಂದ ಯಾರ ವೀಸಾ ಕಾಪಿ ಬಂದಿದೆ ಅಂತ ನೋಡುತ್ತಿದ್ದೆ. ಫೈಲಿನ ಹೆಸರು ಎಫ್‌ಎಫ್ ಅಂತ ಶುರುವಾದರೆ ಫೈನ್ (ಒತ್ತೊತ್ತಾದ ಗೆರೆ), ಎಫ್‌ಎನ್ ಅಂತಿದ್ದರೆ ನಾರ್ಮಲ್ (ವಿರಳ ಗೆರೆ). ಕನ್ನಡ ಕಾಗದಕ್ಕೆ ಎಫ್‌ಎನ್ ಕಂಡರೆ, ಅಯ್ಯೋ ಅನಿಸುತ್ತಿತ್ತು.

ಯಾಕೆ ಅಂದರೆ, ನಾರ್ಮಲ್‌ನಲ್ಲಿ ಮೇಲಿಂದ ಕೆಳಗೆ ಇಂಚಿಗೆ 98 ಗೆರೆ ಮಾತ್ರ. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮ ಒತ್ತಕ್ಷರಕ್ಕೆ ಸಾಲದು. ಹಳೆ ಮೆಷಿನ್ನಿನಲ್ಲಿ ಒಮ್ಮೆ ಮುಂಬೈಗೆ ಹುಡುಗಿಯ ಜಾತಕ ಕಳಿಸಿದ್ದೆ. ಅರ್ಧ ಗಂಟೆಯಲ್ಲಿ ಆ ಕಡೆಯ ಭಟ್ಟರ ಫೋನು: "ನಕ್ಷತ್ರ ಯಾವುದು ಮಾರಾಯ್ರೇ? ಇಲ್ಲಿ ಮೋಡ ಮುಚ್ಚಿದೆ." ಜ್ಯೇಷ್ಠಾದ ಒತ್ತೆಲ್ಲ ಸೇರಿ ಒಂದು ಕಪ್ಪು ಗುಡ್ಡೆ ಆಗಿತ್ತಂತೆ. ಸೆಂಡ್‌ಫ್ಯಾಕ್ಸ್ ಹೇಳದೆಯೇ ಫೈನ್‌ನಲ್ಲಿ, ಅಂದರೆ 196 ಗೆರೆಯಲ್ಲಿ ಕಳಿಸುತ್ತದೆ. ಹೊತ್ತು ಜಾಸ್ತಿ, ಎಸ್‌ಟಿಡಿ ಬಿಲ್ಲೂ ಜಾಸ್ತಿ. ಆದರೆ ಆಮೇಲೆ ಯಾವ ಭಟ್ಟರೂ ಫೋನ್ ಮಾಡಲಿಲ್ಲ.

ಇನ್ನೊಂದು ಉಪಕಾರ, ಲಾಗ್. ಮೋಡೆಮ್ ಜೊತೆ ಆಡಿದ ಮಾತೆಲ್ಲ ಗಂಟೆ-ಸೆಕೆಂಡ್ ಸಮೇತ ಬರೆದಿಡುತ್ತದೆ. ಫ್ಯಾಕ್ಸ್ ಹೋಗಲೇ ಇಲ್ಲ, ದುಡ್ಡು ಕೊಡುವುದಿಲ್ಲ ಅಂತ ಗಲಾಟೆಗೆ ನಿಂತವರಿಗೆ ಅದನ್ನೇ ಪ್ರಿಂಟ್ ತೆಗೆದು ಕೈಗಿಟ್ಟಿದ್ದೇನೆ.

ಇನ್ನು ಕಳೆದ ಸ್ಟಾರಿನ ಕತೆ. ಒತ್ತಲು ಬಟನ್ ಇಲ್ಲ, ಕಿಟಕಿ ಇಲ್ಲ, ಎಲ್ಲ ಟೆಕ್ಸ್ಟ್ ಫೈಲಿನಲ್ಲೇ ಬರೆಯಬೇಕು. ಲಿನಕ್ಸ್ ಹೊಸದು ಮಾಡಿದಾಗ ಎಂಗೆಟ್ಟಿಯನ್ನು ಶುರುಮಾಡುತ್ತಿದ್ದ ಇನಿಟ್‌ಟ್ಯಾಬ್ ಫೈಲ್ ಹೋಗಿ ಸಿಸ್ಟಮ್‌ಡಿ ಅನ್ನುವ ಬೇರೆ ವ್ಯವಸ್ಥೆ ಬಂತು, ಎರಡು ದಿನ ಫ್ಯಾಕ್ಸ್ ಬಂದ್. ಮೊದಲು ಕಂಪ್ಯೂಟರ್ ಅಂಗಡಿಯವನು ಕೊಟ್ಟದ್ದು ವಿನ್‌ಮೋಡೆಮ್, ಅರ್ಧ ಕೆಲಸ ವಿಂಡೋಸ್ ಡ್ರೈವರೇ ಮಾಡುವಂಥದ್ದು. ಲಿನಕ್ಸಿಗೆ ಅದು ಬರೀ ತಗಡು. ಮೋಡೆಮ್ ತಗೊಳ್ಳುವ ಮೊದಲು ಅದಕ್ಕೆ ಎಟಿ+ಎಫ್‌ಕ್ಲಾಸ್=? (ನಿನಗೆ ಯಾವ ಬಗೆಯ ಫ್ಯಾಕ್ಸ್ ಗೊತ್ತು ಅಂತ ಕೇಳುವ ಆಜ್ಞೆ) ಅಂತ ಟೈಪ್ ಮಾಡಿ ನೋಡಿ. ಉತ್ತರದಲ್ಲಿ 2 ಇದ್ದರೆ ಇದರ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಸಿಡಿಲಿಗೆ ಸಾಫ್ಟ್‌ವೇರ್ ಏನು ಮಾಡೀತು! ಮೇ ಕೊನೆಯ ಪತ್ತನಾಜೆಯ ಆಸುಪಾಸಿನಲ್ಲಿ ಒಂದು, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗಿಗೆ ಇನ್ನೆರಡು, ಒಟ್ಟು ಮೂರು ಮೋಡೆಮ್ ಸುಟ್ಟಿವೆ. ಮೊದಲನೆಯದು ಒಳಗೆ ಕೂರಿಸುವಂಥದ್ದು, ಮದರ್‌ಬೋರ್ಡನ್ನೂ ಜೊತೆಗೆ ಕರಕೊಂಡು ಹೋಯಿತು. ಆಮೇಲೆ ಹೊರಗೆ ಇಡುವ ಸೀರಿಯಲ್ ಮೋಡೆಮ್ ಮಾತ್ರ. ಮೋಡ ಕಪ್ಪಾದರೆ ಮೊದಲು ಫೋನ್ ವಯರ್ ಎಳೆಯುವುದು, ಆಮೇಲೆ ಗಿರಾಕಿ.

2021ರಲ್ಲಿ ತಾಮ್ರದ ಲೈನ್ ಹೋಗಿ ಫೈಬರ್ ಬಂತು. ಅದರ ಪೆಟ್ಟಿಗೆಯ ಫೋನ್ ತೂತಿಗೆ ಮೋಡೆಮ್ ಚುಚ್ಚಿ ನೋಡಿದೆ. ಮಾತು ಚೊಕ್ಕ ಕೇಳುತ್ತದೆ. ಫ್ಯಾಕ್ಸ್ ಮಾತ್ರ ಅರ್ಧ ಪುಟಕ್ಕೆ ಕಡಿದುಹೋಗುತ್ತದೆ. ದನಿ ಅಲ್ಲಿ ಚೂರುಚೂರಾಗಿ ಹೋಗುವುದು, ಒಂದು ಚೂರು ತಪ್ಪಿದರೂ ಮೋಡೆಮ್‌ಗೆ ತಾಳ ತಪ್ಪುತ್ತದೆ. ಹತ್ತು ಸಲ ಪ್ರಯತ್ನಿಸಿದೆ, ಎರಡು ಪೂರ್ತಿ ಹೋದವು. ಹಾಗಾಗಿ ನಿಮ್ಮಲ್ಲಿ ಇನ್ನೂ ತಾಮ್ರದ ಲೈನ್ ಇದ್ದರೆ ಮಾತ್ರ ಇದನ್ನು ಹಾಕಿ.