ಕಾರಿನ 200 ವ್ಯಾಟ್ ಇನ್ವರ್ಟರ್: ಡಬ್ಬಿಯ ಮೇಲೊಂದು ಅಂಕಿ, ಫ್ಯೂಸಿನ ಮೇಲೊಂದು

ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಿದರೆ 12 ವೋಲ್ಟ್ ಡಿಸಿಯನ್ನು 230 ವೋಲ್ಟ್ ಎಸಿ ಮಾಡಿಕೊಡುವ ಪುಟ್ಟ ಇನ್ವರ್ಟರುಗಳು ಈಗ ಒಂದೂವರೆ-ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ಹೆಚ್ಚಿನವುಗಳ ಮೇಲೆ ದಪ್ಪಕ್ಷರದಲ್ಲಿ 200 ವ್ಯಾಟ್ ಎಂದಿರುತ್ತದೆ. ಒಂದು ಲ್ಯಾಪ್‌ಟಾಪ್, ಕ್ಯಾಮೆರಾ ಬ್ಯಾಟರಿಯ ಚಾರ್ಜರ್, 32 ಇಂಚಿನ ಎಲ್‌ಇಡಿ ಟಿವಿ ಇಷ್ಟಕ್ಕಾದರೆ ಇದು ಕೊಳ್ಳಬಹುದಾದ ವಸ್ತು. ಮಿಕ್ಸಿ, ಕುಕ್ಕರು, ಇಸ್ತ್ರಿಪೆಟ್ಟಿಗೆಯ ಆಸೆಯಿದ್ದರೆ ಬೇಡವೇ ಬೇಡ.

ಮೊದಲು ಆ 200ರ ಲೆಕ್ಕ ನೋಡೋಣ. ಈ ಇನ್ವರ್ಟರುಗಳ ದಕ್ಷತೆ ಶೇ. 85ರ ಸುಮಾರು. ಹೊರಗೆ 200 ವ್ಯಾಟ್ ಬರಬೇಕಾದರೆ ಒಳಗೆ 235 ವ್ಯಾಟ್ ಹೋಗಬೇಕು. 12 ವೋಲ್ಟಿನಲ್ಲಿ ಅದು ಹತ್ತಿರ ಹತ್ತಿರ 20 ಆಂಪಿಯರ್. ಕಾರಿನ ಸಾಕೆಟ್ಟಿನ ಫ್ಯೂಸು ಸಾಮಾನ್ಯವಾಗಿ 10 ಅಥವಾ 15 ಆಂಪಿಯರಿನದು, ಕೆಲವು ಕಾರುಗಳಲ್ಲಿ ಮಾತ್ರ 20. ಅಂದರೆ 10 ಆಂಪಿಯರ್ ಸಾಕೆಟ್ಟಿನಿಂದ ನಿಮ್ಮ ಕೈಗೆ ಸಿಗುವುದು 100 ವ್ಯಾಟ್, 15ರಿಂದ 150. ಇನ್ವರ್ಟರಿನ ಮೇಲೆ 200 ಬರೆದಿರಲಿ, 300 ಬರೆದಿರಲಿ, ಈ ಮಿತಿ ಬದಲಾಗುವುದಿಲ್ಲ. ಕೊಳ್ಳುವ ಮೊದಲು ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಮೈಯಲ್ಲಿರುವ ನಕ್ಷೆ ನೋಡಿ. ಸಾಕೆಟ್ಟಿನ ಮುಚ್ಚಳದ ಮೇಲೂ ಎಷ್ಟೋ ಸಲ 120 ವ್ಯಾಟ್ ಎಂದು ಅಚ್ಚಾಗಿರುತ್ತದೆ.

ಫ್ಯೂಸು ಹಾರಿತೆಂದು 10ರ ಜಾಗಕ್ಕೆ 20 ಹಾಕುವ ಚಾಳಿ ನಮ್ಮಲ್ಲಿ ಬಹಳ. ಫ್ಯೂಸು ಇರುವುದು ಹಿಂದಿನ ವೈರನ್ನು ಕಾಯಲು. ದೊಡ್ಡ ಫ್ಯೂಸು ಹಾಕಿದಿರೆಂದು ಡ್ಯಾಶ್‌ಬೋರ್ಡಿನೊಳಗಿನ ವೈರು ದಪ್ಪಗಾಗುವುದಿಲ್ಲ. ಫ್ಯೂಸಿಗೆ ಬದಲು ಅದೇ ಸುಡುತ್ತದೆ.

ಇನ್ನೊಂದು ದುರ್ಬಲ ಜಾಗ ಪ್ಲಗ್ಗಿನ ತುದಿ. ಅಲ್ಲಿರುವುದು ಸ್ಪ್ರಿಂಗಿನ ಒತ್ತಡದಲ್ಲಿ ನಿಂತ ಒಂದು ಸಣ್ಣ ಮೊಳೆ, ಅಷ್ಟೇ. ಹೊಂಡ ಹಾರಿದಾಗಲೆಲ್ಲ ಅದು ಅಲುಗುತ್ತದೆ, ಸಂಪರ್ಕ ಸಡಿಲವಾಗುತ್ತದೆ, ಕಾಯುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಅರ್ಧ ಗಂಟೆ ಓಡಿಸಿ, ಎಳೆದು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳಿಡಲಾಗದಷ್ಟು ಸುಟ್ಟರೆ ಲೋಡು ಇಳಿಸಿ. ಇನ್ವರ್ಟರ್ ಸತ್ತಂತೆ ಕಂಡರೆ ತುದಿಯ ಬಿರಡೆ ತಿರುಗಿಸಿ ತೆಗೆಯಿರಿ. ಹಲವು ಮಾಡೆಲ್‌ಗಳಲ್ಲಿ ಅಲ್ಲೊಂದು ಗಾಜಿನ ಫ್ಯೂಸಿರುತ್ತದೆ, ಹೋಗಿರುವುದು ಅದೇ ಇರಬಹುದು. ಎಸಿ ಬದಿಯ ‘ಯೂನಿವರ್ಸಲ್’ ಸಾಕೆಟ್ಟಿನದೂ ಇದೇ ರೋಗ: ಎಲ್ಲ ದೇಶದ ಪಿನ್ನೂ ಹೋಗುತ್ತದೆ, ಯಾವುದೂ ಗಟ್ಟಿಯಾಗಿ ಕೂರುವುದಿಲ್ಲ. ನಮ್ಮ 6 ಆಂಪಿಯರ್ ಮೂರು ಪಿನ್ನಿಗೆಂದೇ ಮಾಡಿದ ಸಾಕೆಟ್ ಇರುವ ಮಾಡೆಲ್ ಸಿಕ್ಕರೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಎರಡನೆಯ ಪ್ರಶ್ನೆ ಇನ್ವರ್ಟರ್ ಕೊಡುವ ಎಸಿಯ ಅಲೆಯ ಆಕಾರದ್ದು. ಮನೆಯ ಹಳೆಯ ಸ್ಕ್ವೇರ್ ವೇವ್ ಯುಪಿಎಸ್‌ನಲ್ಲಿ ಫ್ಯಾನು ಗುಂಯ್‌ಗುಟ್ಟುತ್ತಿದ್ದುದು ನೆನಪಿರಬಹುದು. ಅಗ್ಗದ ಕಾರ್ ಇನ್ವರ್ಟರುಗಳು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ‘ಮಾಡಿಫೈಡ್ ಸೈನ್’: ಮೆಟ್ಟಿಲಿನಂತೆ ಏರಿಳಿಯುವ ಅಲೆ, ಮನೆಯ ಕರೆಂಟಿನ ಸೈನ್ ಅಲೆಯ ನುಣುಪು ಅದಕ್ಕಿಲ್ಲ. ಲ್ಯಾಪ್‌ಟಾಪ್ ಅಡಾಪ್ಟರಿಗೆ ಇದರಿಂದ ತೊಂದರೆ ಇಲ್ಲ. ಅದು ಬಂದ ಎಸಿಯನ್ನು ಹೇಗೂ ಡಿಸಿ ಮಾಡಿಕೊಳ್ಳುತ್ತದೆ. ಟೇಬಲ್ ಫ್ಯಾನಿನ ಮೋಟಾರು ಕಾಯುತ್ತದೆ, ಸದ್ದು ಮಾಡುತ್ತದೆ. ನಿಜವಾಗಿ ಸಾಯುವುದು ಸೊಳ್ಳೆ ಬ್ಯಾಟು, ಅಗ್ಗದ ರಾತ್ರಿ ದೀಪ, ನೇರ ಗೋಡೆಗೆ ಚುಚ್ಚುವ ಎಮರ್ಜೆನ್ಸಿ ಟಾರ್ಚು. ಇಂಥವುಗಳೊಳಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ವೋಲ್ಟೇಜ್ ತಗ್ಗಿಸಲು ಒಂದು ಕೆಪಾಸಿಟರ್ ಮಾತ್ರ. ಅಲೆಯ ಅಂಚು ಕಡಿದಾದಷ್ಟೂ ಕೆಪಾಸಿಟರಿನ ಮೂಲಕ ಹರಿಯುವ ಕರೆಂಟು ಏರುತ್ತದೆ. ನುಣುಪಾದ ಸೈನ್ ಅಲೆಗೆಂದು ಲೆಕ್ಕಹಾಕಿದ ಬಿಡಿಭಾಗ ಆ ಹೊಡೆತ ತಾಳುವುದಿಲ್ಲ. ಇಂಥವನ್ನು ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಹೊರಡಿ.

ಮಲ್ಟಿಮೀಟರ್ ಹಿಡಿದು ಪರೀಕ್ಷಿಸುವವರಿಗೊಂದು ಮಾತು: ಮಾಡಿಫೈಡ್ ಸೈನ್ ಮಾಡೆಲ್ಲಿನಲ್ಲಿ ಸಾದಾ ಮೀಟರು 180ರ ಸುಮಾರು ತೋರಿಸಿದರೆ ಮಾಲು ಕೆಟ್ಟದ್ದೆಂದು ವಾಪಸ್ ಕಳಿಸಬೇಡಿ. ಆ ಮೀಟರು ಸೈನ್ ಅಲೆಗಷ್ಟೇ ಸರಿಯಾಗಿ ಲೆಕ್ಕ ಹೇಳುತ್ತದೆ. ಯಾವ ಆಕಾರದ ಅಲೆಯನ್ನೂ ಸರಿಯಾಗಿ ಅಳೆಯುವ ಟ್ರೂ ಆರ್‌ಎಂಎಸ್ ಮೀಟರಿನಲ್ಲಿ ನೋಡಿ.

ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರಕ್ಕಾದರೆ ಮನೆಯ ಕರೆಂಟಿನಂಥ ನುಣುಪು ಅಲೆ ಕೊಡುವ ಪ್ಯೂರ್ ಸೈನ್ ಇನ್ವರ್ಟರೇ ಬೇಕು. ಆ ಯಂತ್ರದ ಕಂಪನಿಯದೇ ಡಿಸಿ ಅಡಾಪ್ಟರ್ ಸಿಕ್ಕರೆ ಇನ್ನೂ ಮೇಲು. ಔಷಧಿಯನ್ನು ಮಂಜಾಗಿಸಿ ಉಸಿರಿಗೆ ಕೊಡುವ ಮಕ್ಕಳ ನೆಬುಲೈಸರ್ ಕಂಪ್ರೆಸರ್ ಮಾದರಿಯದಾದರೆ ಶುರುವಾಗುವ ಕ್ಷಣದಲ್ಲಿ ತನ್ನ ವ್ಯಾಟಿನ ಹಲವು ಪಟ್ಟು ಎಳೆಯುತ್ತದೆ, ಪುಟ್ಟ ಇನ್ವರ್ಟರ್ ಕೀಂ ಎಂದು ನಿಂತುಬಿಡುತ್ತದೆ. ಪ್ರಯಾಣಕ್ಕೆ ಬ್ಯಾಟರಿಯ ಮೆಶ್ ನೆಬುಲೈಸರ್ ಒಳ್ಳೆಯದು.

ಬ್ಯಾಟರಿಯ ವಿಷಯದಲ್ಲಿ ಈ ಇನ್ವರ್ಟರುಗಳಿಗೆ ನಮ್ಮ ಅಂಕ ಕಡಿಮೆ. ಡಬ್ಬಿಯ ಮೇಲೆ ‘ಬ್ಯಾಟರಿ ಪ್ರೊಟೆಕ್ಷನ್’ ಎಂದಿರುತ್ತದೆ. ವಾಸ್ತವದಲ್ಲಿ ಅಲಾರಂ ಕೂಗುವುದು 10.5 ವೋಲ್ಟಿನ ಆಸುಪಾಸಿನಲ್ಲಿ, ಆಫ್ ಆಗುವುದು 10ರ ಹತ್ತಿರ. ತುಂಬಿದ ಬ್ಯಾಟರಿ 12.6, ಅರ್ಧ ಖಾಲಿಯಾದದ್ದು 12.2. ಅಲಾರಂ ಕೂಗುವ ಹೊತ್ತಿಗೆ ಸ್ಟಾರ್ಟರ್ ತಿರುಗಿಸುವ ತ್ರಾಣ ಹೋಗಿ ಎಷ್ಟೋ ಹೊತ್ತಾಗಿರುತ್ತದೆ. ಚಿಕ್ಕ ಪೆಟ್ರೋಲ್ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಿಂದ 65 ವ್ಯಾಟಿನ ಲ್ಯಾಪ್‌ಟಾಪ್ ಅಡಾಪ್ಟರ್ ಪೂರ್ತಿ ಲೋಡಿನಲ್ಲಿ ಗಂಟೆಗೆ 6.4 ಆಂಪಿಯರ್-ಅವರ್ ಕುಡಿಯುತ್ತದೆ; ಎರಡು ಗಂಟೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ಬ್ಯಾಟರಿಗೆ ಮೂರು ವರ್ಷ ತುಂಬಿದ್ದರೆ ಇಂಜಿನ್ ಆಫ್ ಮಾಡಿ ಒಂದು ಗಂಟೆಗಿಂತ ಹೆಚ್ಚು ನಡೆಸಬೇಡಿ. ಹಾಗೆಂದು ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸುತ್ತ ಕೂರಲೂಬೇಡಿ; ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಬಳಸುವ ಕ್ರಮ ಹೀಗಿರಲಿ. ಮೊದಲು ಕಾರು ಸ್ಟಾರ್ಟ್, ಆಮೇಲೆ ಇನ್ವರ್ಟರ್ ಚುಚ್ಚಿ ಆನ್ ಮಾಡುವುದು, ಕೊನೆಗೆ ಲೋಡು. ಬಿಚ್ಚುವಾಗ ಉಲ್ಟಾ. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ಏರುವುದರಿಂದ ಆಗ ಇನ್ವರ್ಟರ್ ಹೊರಗಿದ್ದರೆ ಕ್ಷೇಮ. ಕೀ ತೆಗೆದರೂ ಕರೆಂಟಿರುವ ಸಾಕೆಟ್ಟಾದರೆ ರಾತ್ರಿ ಅಲ್ಲೇ ಬಿಡಬೇಡಿ: ಏನೂ ಜೋಡಿಸದಿದ್ದರೂ ಅರ್ಧ ಆಂಪಿಯರಿನಂತೆ ಎಳೆದರೆ ಹತ್ತು ಗಂಟೆಗೆ 5 ಆಂಪಿಯರ್-ಅವರ್ ಮಾಯ. ಸೀಟಿನ ಕೆಳಗೆ, ಬಟ್ಟೆಯ ನಡುವೆ ತುರುಕಿದರೆ ಅದರ ಪುಟ್ಟ ಫ್ಯಾನು ಉಸಿರುಗಟ್ಟಿ ಬಿಸಿಯಾಗಿ ನಿಲ್ಲುತ್ತದೆ.

ಇನ್ನು ಮಿಕ್ಸಿಯ ಆಸೆ. 750 ವ್ಯಾಟ್ ಎಂದರೆ ಬ್ಯಾಟರಿಯಿಂದ 75 ಆಂಪಿಯರ್, ಶುರುವಿನಲ್ಲಿ ಇನ್ನೂ ಹೆಚ್ಚು. ಇದಕ್ಕೆ ಬ್ಯಾಟರಿಗೇ ನೇರ ಜೋಡಿಸುವ, ಕನಿಷ್ಠ 1500 ವ್ಯಾಟಿನ ಪ್ಯೂರ್ ಸೈನ್ ಇನ್ವರ್ಟರ್ ಬೇಕು. ಪಾಸಿಟಿವ್ ಟರ್ಮಿನಲ್‌ನಿಂದ ಒಂದಡಿಯೊಳಗೆ ಫ್ಯೂಸ್ ಬೇಕು. ಕೇಬಲ್ ದಪ್ಪ ಬೇಕು. ಎರಡು ಮೀಟರ್ ದೂರಕ್ಕೆ 100 ಆಂಪಿಯರ್ ಹರಿಸಿದರೆ 6 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಹೋಗಿ-ಬರುವ ದಾರಿಯಲ್ಲೇ 1.2 ವೋಲ್ಟ್ ಸೋರುತ್ತದೆ, 25ರದ್ದಾದರೆ 0.3ಕ್ಕೂ ಕಡಿಮೆ. ಆ ಸೋರಿದ್ದೆಲ್ಲ ವೈರಿನಲ್ಲಿ ಬಿಸಿಯಾಗಿ ಕೂರುತ್ತದೆ. ಡಬ್ಬಿಯ ಜೊತೆ ಬರುವ ಮೊಸಳೆ ಕ್ಲಿಪ್ಪಿನ ತೆಳು ವೈರನ್ನು ನಂಬಬೇಡಿ. ಇಂಡಕ್ಷನ್ ಒಲೆಯ 2000 ವ್ಯಾಟಿಗೆ 200 ಆಂಪಿಯರ್ ಹತ್ತಿರ. ಇಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಸಾಮಾನ್ಯ ಕಾರಿನ ಆಲ್ಟರ್ನೇಟರಿಗೆ ಅದು ಸಾಧ್ಯವೇ ಇಲ್ಲ. ಗ್ಯಾಸಿನ ಚಿಕ್ಕ ಒಲೆ ಒಯ್ಯಿರಿ.

ಕೊಳ್ಳುವ ಮುನ್ನ ಲ್ಯಾಪ್‌ಟಾಪಿಗೆ ಯುಎಸ್‌ಬಿ-ಸಿ ಚಾರ್ಜಿಂಗ್ ಇದೆಯೇ ನೋಡಿ. ಇದ್ದರೆ 65 ವ್ಯಾಟಿನ ಕಾರ್ ಚಾರ್ಜರ್ ಸಾಕು; ಡಿಸಿಯನ್ನು ಎಸಿ ಮಾಡಿ ಮತ್ತೆ ಡಿಸಿ ಮಾಡುವ ಸುತ್ತುದಾರಿ ತಪ್ಪುತ್ತದೆ, ಫ್ಯಾನಿನ ಸದ್ದೂ ಇಲ್ಲ. ಇನ್ವರ್ಟರೇ ಬೇಕೆಂದರೆ 200ರ ಮಾಡಿಫೈಡಿಗಿಂತ 150ರ ಪ್ಯೂರ್ ಸೈನ್ ಮೇಲು. ಸಾಕೆಟ್ಟು ಕೊಡುವುದು ಹೇಗೂ ಅಷ್ಟೇ ತಾನೆ. ಲಾರಿ, ಬಸ್ಸಿನವರು ಮಾತ್ರ ಅಲ್ಲಿರುವುದು 24 ವೋಲ್ಟ್ ಎಂಬುದನ್ನು ಮರೆಯದೆ ಅದಕ್ಕೆಂದೇ ಇರುವ ಮಾಡೆಲ್ ಕೇಳಿ ಪಡೆಯಿರಿ. 12ರದ್ದನ್ನು ಚುಚ್ಚಿದರೆ ಸುಟ್ಟ ವಾಸನೆ ಬರಲು ಹೆಚ್ಚು ಹೊತ್ತು ಬೇಕಿಲ್ಲ.