ಚಡಾವಿನ ಮನೆಯವರು ಸೆಕೆಂಡ್ ಹ್ಯಾಂಡ್ ಎಎಂಟಿ ಕಾರು ತಗೊಳ್ಳುವ ಮೊದಲು ಇದನ್ನೊಮ್ಮೆ ಓದಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಈಗ ವಯಸ್ಸಾದ ಅಪ್ಪ ಅಮ್ಮನಿಗೆ ಅಂತ ಆಟೋಮ್ಯಾಟಿಕ್ ಕಾರು ಹುಡುಕುವವರು ತುಂಬ ಜನ ಇದ್ದಾರೆ, ಅದ್ರಲ್ಲೂ ಸೆಕೆಂಡ್ ಹ್ಯಾಂಡ್. ಅವರಿಗೋಸ್ಕರ ಎಎಂಟಿ ಬಗ್ಗೆ, ಅಂದ್ರೆ ಕ್ಲಚ್ ಪೆಡಲ್ ಇಲ್ಲದೆ ಗೇರು ತಾನೇ ಬದಲಾಗುವ ಒಂದು ಬಗೆಯ ಆಟೋಮ್ಯಾಟಿಕ್ ಬಗ್ಗೆ, ಬರೀತಾ ಇದ್ದೇನೆ. ನಮಗೆ ದುಡ್ಡು ಹೋಯ್ತು ಅಷ್ಟೆ, ಆದ್ರೆ ಆ ದಿನ ಸ್ವಲ್ಪ ಹೆಚ್ಚುಕಮ್ಮಿ ಆಗಿದ್ರೆ ಯಾರದ್ದಾದ್ರೂ ಜೀವಕ್ಕೇ ಬರ್ತಿತ್ತು.

ಅಪ್ಪನಿಗೆ ಎಡಗಾಲಿನ ಗಂಟುನೋವು. ಮಂಗಳೂರಿಗೆ ಡಾಕ್ಟರ ಹತ್ರ ಹೋಗ್ಬೇಕಾದ್ರೆ ಹೈವೇ, ತಲಪಾಡಿಯಿಂದ ಚೆಂಗಳದವರೆಗೆ ಆರು ಲೇನಿನ ಕೆಲಸ ನಡೀತಿದ್ದಾಗ ಕುಂಬಳೆ, ಉಪ್ಪಳ ದಾಟೋದೇ ಒಂದು ದೊಡ್ಡ ಕತೆ, ಸರ್ವಿಸ್ ರೋಡಲ್ಲಿ ಕ್ಲಚ್ ಒತ್ತು ಬಿಡು, ಒತ್ತು ಬಿಡು, ಮನೆಗೆ ಬರುವಾಗ ಅಪ್ಪನಿಗೆ ಕಾಲು ಮಡಚ್ಲಿಕ್ಕೆ ಆಗ್ತಿರ್ಲಿಲ್ಲ. ಹಾಗಾಗಿ ಹಳೇ ಮ್ಯಾನುಯಲ್ ಕಾರು ಕೊಟ್ಟು ಆಟೋಮ್ಯಾಟಿಕ್ ತಗೊಳ್ಳೋದು ಅಂತ ಆಯ್ತು.

ನಮ್ಮ ಮನೆಯ ದಾರಿ ಹೇಗೆ ಅಂತ ನಮ್ಮ ಕಡೆಯವರಿಗೆ ಹೇಳ್ಬೇಕಂತ ಇಲ್ಲ. ರಸ್ತೆ ಗುಡ್ಡೆ ಮೇಲೆ, ಮನೆ ಕೆಳಗೆ ತೋಟದ ಬದಿಯಲ್ಲಿ, ನಡುವೆ ಧರೆ ಕಡಿದು ಮಾಡಿದ ಕಾಂಕ್ರೀಟ್ ದಾರಿ, ಅರ್ಧದಲ್ಲಿ ಒಂದು ತಿರುವು, ಮಳೆಗಾಲದಲ್ಲಿ ಹಾವಸೆ. ಇದನ್ನೆಲ್ಲ ಸೆಕೆಂಡ್ ಹ್ಯಾಂಡ್ ಕಾರು ಮಾರುವವರಿಗೆ ನಾವು ಬಿಡಿಸಿ ಬಿಡಿಸಿ ಹೇಳಿದ್ದೆವು. ಅವರು ತೋರಿಸಿದ್ದು ಎಎಂಟಿ ಕಾರು. "ಒರು ಕುಳಪ್ಪೋಮಿಲ್ಲ ಸಾರೇ (ಏನೂ ತೊಂದ್ರೆ ಇಲ್ಲ ಸಾರ್), ಇದರಲ್ಲಿ ಕ್ಲಚ್ಚೇ ಇಲ್ಲ, ಹಾಳಾಗ್ಲಿಕ್ಕೆ ಎಂತ ಉಂಟು" ಅಂತ ಅಲ್ಲಿದ್ದ ಹುಡುಗ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತಿರದ ಒಂದು ಏರಿಗೆ ಕರ್ಕೊಂಡು ಹೋದ. ನಾನು ಹಿಂದೆ ಕೂತಿದ್ದೆ. ಅರ್ಧ ಏರಲ್ಲಿ ನಿಲ್ಲಿಸಿ, ಬ್ರೇಕಿಂದ ಕಾಲು ತೆಗೆದು ಆಕ್ಸಿಲರೇಟರ್ ಮೇಲೆ ಮೆಲ್ಲ ಇಟ್ಟ, ಕಾರು ಹಿಂದೆಯೂ ಹೋಗ್ಲಿಲ್ಲ, ಮುಂದೆಯೂ ಹೋಗ್ಲಿಲ್ಲ, ಅಲ್ಲೇ ನಿಂತಿತು. "ನೋಡಿ ಸಾರ್, ಹೀಗೆ ಹಿಡ್ಕೊಂಡ್ರೆ ಸಾಕು, ಹ್ಯಾಂಡ್‌ಬ್ರೇಕ್ ಎಳಿಯುವ ತಲೆಬಿಸಿ ಇಲ್ಲ." ಅಪ್ಪನಿಗೆ ಬಹಳ ಖುಷಿ ಆಯ್ತು. ಮನೆಗೆ ಬಂದ ಮೇಲೆ ಹಾಗೇ ಓಡಿಸಿದ್ರು.

ಅವನು ತೋರಿಸಿಕೊಟ್ಟದ್ದೇ ಆ ಕಾರನ್ನು ಕೊಲ್ಲುವ ದಾರಿ.

ಎಎಂಟಿ ಅಂದ್ರೆ ಒಳಗೆ ಇರೋದು ಮ್ಯಾನುಯಲ್ ಕಾರಿನ ಅದೇ ಗೇರ್‌ಬಾಕ್ಸ್, ಅದೇ ಒಣ ಕ್ಲಚ್ ಪ್ಲೇಟ್. ನಮ್ಮ ಎಡಗಾಲು ಮತ್ತು ಎಡಗೈ ಮಾಡುವ ಕೆಲಸವನ್ನು ಒಂದು ಆಕ್ಚುಯೇಟರ್ ಮಾಡ್ತದೆ, ಯಾವಾಗ ಒತ್ಬೇಕು ಯಾವಾಗ ಬಿಡ್ಬೇಕು ಅಂತ ಒಂದು ಕಂಪ್ಯೂಟರ್ ಹೇಳ್ತದೆ, ವ್ಯತ್ಯಾಸ ಅಷ್ಟೆ. ಪೆಡಲ್ ಇಲ್ಲ, ಕ್ಲಚ್ ಉಂಟು. ಚಡಾವಲ್ಲಿ ಆಕ್ಸಿಲರೇಟರ್ ಒತ್ತಿ ನಿಲ್ಲಿಸಿದ್ರೆ ಒಳಗೆ ಹಾಫ್ ಕ್ಲಚ್ಚಲ್ಲಿ ಪ್ಲೇಟ್ ಉಜ್ಜಿ ಉಜ್ಜಿ ಬಿಸಿ ಆಗ್ತಾ ಇರ್ತದೆ. ಮ್ಯಾನುಯಲ್ಲಲ್ಲಿ ಹಾಗೆ ಮಾಡಿದ್ರೆ ಕಾಲಿಗೆ ಗೊತ್ತಾಗ್ತದೆ, ಅಪ್ಪ ಇಷ್ಟು ವರ್ಷ ಹ್ಯಾಂಡ್‌ಬ್ರೇಕ್ ಹಿಡಿದು ಕ್ಲಚ್ ಬಿಟ್ಟು ಏರು ಹತ್ತಿಸಿದವರೇ. ಇದರಲ್ಲಿ ಕಾಲಿಗೆ ಏನೂ ಗೊತ್ತಾಗೋದಿಲ್ಲ, ಗೊತ್ತಾಗುವಾಗ ಸುಟ್ಟ ವಾಸನೆ ಬಂದಿರ್ತದೆ.

ನಮಗೆ ಆ ವಾಸನೆ ಬಂದದ್ದು ಬದಿಯಡ್ಕದಿಂದ ಪೆರ್ಲಕ್ಕೆ ಬರುವ ದಾರೀಲಿ, ಸಾಯಂಕಾಲ ಶಾಲೆ ಬಿಡುವ ಹೊತ್ತು. ಚಡಾವಲ್ಲಿ ಮುಂದೆ ಶಾಲೆ ಬಸ್ಸು ಮಕ್ಕಳನ್ನು ಇಳಿಸ್ತಾ ನಿಂತಿತ್ತು, ಅಪ್ಪ ಆ ಹುಡುಗ ಹೇಳಿದ ಹಾಗೆ ಆಕ್ಸಿಲರೇಟರಲ್ಲಿ ಹಿಡ್ಕೊಂಡಿದ್ರು. ಮೊದಲು ಬೀಪ್ ಬೀಪ್ ಅಂತ ಶಬ್ದ, ಮೀಟರಲ್ಲಿ ಗೇರಿನ ಅಕ್ಷರ ಮಿಣುಕ್ಲಿಕ್ಕೆ ಶುರು, ಏನಂತ ನೋಡುವಷ್ಟರಲ್ಲಿ ಕಾರು ಗಡಗಡ ನಡುಗಿತು, ಎಳೆತ ಬಿಟ್ಟು ಹಿಂದೆ ಜಾರಿತು. ಹಿಂದೆ ಒಂದು ರಿಕ್ಷಾ, ಅದರಲ್ಲಿ ಒಬ್ಬ ಹೆಂಗಸು, ಮಡಿಲಲ್ಲಿ ಮಗು. ಅಪ್ಪ ಗಾಬರಿಯಲ್ಲಿ ಆಕ್ಸಿಲರೇಟರನ್ನೇ ಇನ್ನೂ ಒತ್ತಿದ್ರು, ಇಂಜಿನ್ ಕೂಗ್ತದೆ, ಕಾರು ಹಿಂದೆ ಹಿಂದೆ. ನಾನು ಪಕ್ಕದಿಂದ ಹ್ಯಾಂಡ್‌ಬ್ರೇಕ್ ಎರಡೂ ಕೈಯಲ್ಲಿ ಎಳೆದೆ. ನಿಂತದ್ದು ರಿಕ್ಷಾಕ್ಕೆ ಒಂದು ಗೇಣು ಇರುವಾಗ. ರಿಕ್ಷಾದವ ಬೈಲಿಲ್ಲ, ಇಳಿದು ಬಂದು ಚಕ್ರಕ್ಕೆ ಕಲ್ಲು ಕೊಟ್ಟ, ಅವನಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು.

ವರ್ಕ್‌ಶಾಪಲ್ಲಿ ಗೇರ್‌ಬಾಕ್ಸ್ ಇಳಿಸಿದ ಮೇಲೆ ಮೆಕ್ಯಾನಿಕ್ ಕರೆದು ತೋರಿಸಿದ್ರು. ಕ್ಲಚ್ ಪ್ಲೇಟಿನ ಲೈನಿಂಗ್ ರಿವೆಟ್ ಕಾಣುವಷ್ಟು ಸವೆದಿತ್ತು, ಪ್ರೆಶರ್ ಪ್ಲೇಟ್ ಮೇಲೆ ಬಿಸಿಗೆ ನೀಲಿ ನೀಲಿ ಕಲೆ, ಬೆಲ್ ಹೌಸಿಂಗ್ ಒಳಗೆಲ್ಲ ಕಪ್ಪು ಪುಡಿ. ಇಷ್ಟು ಸವೆತ ನೀವು ತಗೊಂಡ ಮೇಲೆ ಮಾತ್ರ ಆದದ್ದಲ್ಲ, ಮೊದಲೇ ಮುಕ್ಕಾಲು ಹೋಗಿತ್ತು ಅಂತ ಅವರ ಮಾತು. ಬಿಲ್ಲು 25 ಸಾವಿರ ದಾಟಿತು. ಮಾರಿದವರಿಗೆ ಫೋನ್ ಮಾಡಿದ್ರೆ ವಾರಂಟಿ ಇಂಜಿನ್ನಿಗೆ ಮತ್ತು ಗೇರ್‌ಬಾಕ್ಸಿಗೆ ಮಾತ್ರ, ಕ್ಲಚ್ ಸವೆಯುವ ಪಾರ್ಟು, ಅದು ಬರೋದಿಲ್ಲ ಅಂದ್ರು. ಮಾರುವಾಗ ಇಲ್ಲದ ಕ್ಲಚ್ಚು ವಾರಂಟಿ ಕೇಳುವಾಗ ಎಲ್ಲಿಂದ ಬಂತು ಅಂತ ಅಪ್ಪ ಕೇಳಿದ್ರು, ಅದಕ್ಕೆ ಅವರಲ್ಲಿ ಉತ್ತರ ಇರ್ಲಿಲ್ಲ, ಫೋನ್ ಇಟ್ರು.

ಇನ್ನೊಂದು ವಿಷಯ ಯಾರೂ ಹೇಳೋದಿಲ್ಲ. ನಮ್ಮಲ್ಲಿ ಸಿಗುವ ಹೆಚ್ಚಿನ ಎಎಂಟಿ ಕಾರುಗಳಲ್ಲಿ 'ಪಿ' ಅಂದ್ರೆ ಪಾರ್ಕ್ ಇಲ್ಲ, ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್), ಎಂ (ಮ್ಯಾನುಯಲ್) ಇಷ್ಟೆ. ಬೆಂಗಳೂರಲ್ಲಿ ಬೇರೆ ಆಟೋಮ್ಯಾಟಿಕ್ ಓಡಿಸುವ ನಮ್ಮ ಭಾವ ಬಂದಾಗ ಎನ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಅರ್ಧ ಎಳೆದು ಇಳಿದಿದ್ರು, ಕಾರು ಮೆಲ್ಲ ತೋಟದ ಕಡೆ ಹೊರಟಿತ್ತು, ಅಮ್ಮ ನೋಡಿ ಬೊಬ್ಬೆ ಹಾಕಿದ್ದಕ್ಕೆ ಆಯ್ತು. ಇದರಲ್ಲಿ ಬ್ರೇಕ್ ಒತ್ತಿಕೊಂಡೇ ಡಿ ಅಥವಾ ಆರ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಹಾಗೇ ಇಂಜಿನ್ ಆಫ್ ಮಾಡ್ಬೇಕು, ಆಗ ಗೇರು ಹಿಡಿದುಕೊಂಡಿರ್ತದೆ.

ಹಾಗಂತ ಎಎಂಟಿಯನ್ನು ಪೂರ್ತಿ ಬೈಯೋದಿಲ್ಲ. ನಮ್ಮ ದೇಶದಲ್ಲಿ ಇದು ಕಡಿಮೆ ಬೆಲೆಯ ಕಾರಿಗೆ ಬಂದದ್ದು 2014ರಲ್ಲಿ, ಸೆಲೆರಿಯೋದಲ್ಲಿ, ಕ್ಲಚ್ ಒತ್ಲಿಕ್ಕೆ ಆಗದ ಎಷ್ಟೋ ಜನರಿಗೆ ಅದರಿಂದ ಉಪಕಾರ ಆಗಿದೆ, ಮೈಲೇಜು ಮ್ಯಾನುಯಲ್ಲಿನಷ್ಟೇ ಬರ್ತದೆ. ಕಾಸರಗೋಡು ಪೇಟೆಯ ಸಪಾಟು ರಸ್ತೆಯವರಿಗೆ ಒಳ್ಳೇದೇ. ಗೇರು ಬದಲಾಗುವಾಗ ಒಂದು ಜಗ್ಗು ಇರ್ತದೆ, ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಲಾರಿ ಓವರ್‌ಟೇಕ್ ಮಾಡ್ಲಿಕ್ಕೆ ಹೊರಟಾಗ ಒಂದು ಕ್ಷಣ ಎಳೆತ ನಿಂತ ಹಾಗೆ ಆಗ್ತದೆ, ಅದು ಗೊತ್ತಿದ್ದು ಓಡಿಸಿದ್ರೆ ತೊಂದ್ರೆ ಇಲ್ಲ. ಆದ್ರೆ ಚಡಾವಿನ ಮನೆ, ವಯಸ್ಸಾದವರು ಓಡಿಸೋದು, ಮೇಲಿಂದ ಹಿಲ್ ಹೋಲ್ಡ್ (ಏರಲ್ಲಿ ಬ್ರೇಕ್ ಬಿಟ್ಟ ಮೇಲೂ ಕಾರು ಜಾರದ ಹಾಗೆ ಸ್ವಲ್ಪ ಹೊತ್ತು ಹಿಡಿಯುವ ವ್ಯವಸ್ಥೆ) ಇಲ್ಲದ ಹಳೇ ಮಾಡೆಲ್, ಈ ಮೂರೂ ಸೇರಿದ್ರೆ ಬೇಡ ಅಂದ್ರೆ ಬೇಡ.

ಕಾಲುನೋವು ಇಲ್ಲದಿದ್ರೆ ಮ್ಯಾನುಯಲ್ಲೇ ಇರ್ಲಿ, ಕ್ಲಚ್ ಹೋದ್ರೂ ಊರಿನ ಗ್ಯಾರೇಜಲ್ಲೇ ಆಗ್ತದೆ. ಆಟೋಮ್ಯಾಟಿಕ್ಕೇ ಬೇಕು ಅಂದ್ರೆ ಟಾರ್ಕ್ ಕನ್ವರ್ಟರ್ ಇರೋದು ನೋಡಿ. ಅದರಲ್ಲಿ ಇಂಜಿನ್ನಿನ ಶಕ್ತಿ ಎಣ್ಣೆ ಮೂಲಕ ಗೇರ್‌ಬಾಕ್ಸಿಗೆ ಹೋಗ್ತದೆ, ಚಡಾವಲ್ಲಿ ನಿಂತು ಹೊರಟ್ರೆ ಸುಡ್ಲಿಕ್ಕೆ ಒಣ ಪ್ಲೇಟ್ ಇಲ್ಲ. ರೇಟು ಜಾಸ್ತಿ, ಪೆಟ್ರೋಲೂ ಸ್ವಲ್ಪ ಹೆಚ್ಚು ಕುಡೀತದೆ, ಆದ್ರೂ ನನ್ನ ಮಟ್ಟಿಗೆ ಅದೇ ಸರಿ. ಒಣ ಕ್ಲಚ್ಚಿನ ಡಿಸಿಟಿ, ಅಂದ್ರೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್, ಓಡಿಸ್ಲಿಕ್ಕೆ ಬಹಳ ನಯ, ಆದ್ರೆ ನಿಂತು ನಿಂತು ಹೋಗುವ ಏರಲ್ಲಿ ಅದಕ್ಕೂ ಇದೇ ಬಿಸಿಯ ಕಾಟ ಉಂಟು.

ಈಗಾಗ್ಲೇ ಮನೇಲಿ ಎಎಂಟಿ ಇದ್ರೆ ದಯವಿಟ್ಟು ಓಡಿಸುವ ಹಿರಿಯರಿಗೆ ಕೂತು ತಿಳಿಸಿ ಹೇಳಿ: ಏರಲ್ಲಿ ನಿಂತ್ರೆ ಬ್ರೇಕ್ ಮೇಲೆಯೇ ಕಾಲು, ಹೊರಡುವಾಗ ಹ್ಯಾಂಡ್‌ಬ್ರೇಕ್ ಹಿಡಿದು ಆಕ್ಸಿಲರೇಟರ್ ಕೊಟ್ಟು ಕಾರು ಎಳೀಲಿಕ್ಕೆ ಶುರು ಮಾಡಿದ ಮೇಲೆ ಬಿಡೋದು. ಜಾಮಲ್ಲಿ ಇಂಚಿಂಚು ಹೋಗೋದು ಬೇಡ, ಮುಂದೆ ಜಾಗ ಆದ ಮೇಲೆ ಒಂದೇ ಸಲ ಹೋಗಿ. ತುಂಬ ಹೊತ್ತು ನಿಲ್ಲೋದಾದ್ರೆ ಎನ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೀರಿ. ಬೀಪ್ ಬಂತಾ, ಬದಿಗೆ ನಿಲ್ಲಿಸಿ ತಣಿಯಲಿಕ್ಕೆ ಬಿಡಿ, ಮನೆ ಹತ್ರವೇ ಅಲ್ವಾ ಅಂತ ಮುಂದೆ ಹೋಗ್ಬೇಡಿ.

ಹೊಸದಾಗಿ ತಗೊಳ್ಳುವವರು, ಮಾರುವವರು ಕರ್ಕೊಂಡು ಹೋಗುವ ಏರಲ್ಲಿ ಟೆಸ್ಟ್ ಡ್ರೈವ್ ಮಾಡ್ಬೇಡಿ. ಕಾರನ್ನು ನಿಮ್ಮ ಮನೆ ದಾರಿಗೇ ತರಿಸಿ, ನಾಲ್ಕು ಜನ ಕೂತು, ನಡು ಚಡಾವಲ್ಲಿ ನಿಲ್ಲಿಸಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಬ್ರೇಕ್ ಬಿಡಿ, ಎಷ್ಟು ಜಾರ್ತದೆ ನೋಡಿ. ರಿವರ್ಸಲ್ಲೂ ಏರು ಹತ್ತಿಸಿ, ನಡುಗಿದ್ರೆ ಕ್ಲಚ್ ಮೇಲೆ ಅನುಮಾನ ಇರ್ಲಿ. ಆಮೇಲೆ ಸ್ಕ್ಯಾನರ್ ಇರುವ ವರ್ಕ್‌ಶಾಪಿಗೆ ಒಯ್ದು ಗೇರ್‌ಬಾಕ್ಸ್ ಎರರ್ ಏನಾದ್ರೂ ಉಂಟಾ ನೋಡ್ಸಿ, ಕ್ಲಚ್ ಮತ್ತು ಆಕ್ಚುಯೇಟರ್ ವಾರಂಟಿಯಲ್ಲಿ ಬರ್ತದಾ ಇಲ್ವಾ ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಬರೆದು ಕೊಡ್ಲಿಕ್ಕೆ ಹಿಂದೆಮುಂದೆ ನೋಡಿದ್ರೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.